ದೊಡ್ಡ ಆಟಗಾರನ ಎದುರು ಕೂತಾಗ ಹೇಗೆ ಆಡಬೇಕು

ನಿಮಗಿಂತ ತುಂಬಾ ಮೇಲಿನ ರೇಟಿಂಗ್‌ನವರ (ಆಟದ ಬಲ ತೋರಿಸುವ ಅಂಕ) ಜೊತೆ ಚೆಸ್ ಪಂದ್ಯ ಬಿದ್ದಿದೆಯಾ? ಹಾಗಿದ್ರೆ 1980ರಲ್ಲಿ ಸ್ವೀಡನ್‌ನ ಸ್ಕಾರಾದಲ್ಲಿ ನಡೆದ ಒಂದು ಆಟವನ್ನು ಮೊದಲು ಬೋರ್ಡ್ ಮೇಲೆ ಇಟ್ಟು ಆಡಿ ನೋಡಿ. ಬಿಳಿ ಕಾಯಿ ಆಗಿನ ವಿಶ್ವ ಚಾಂಪಿಯನ್ ಅನಾತೊಲಿ ಕಾರ್ಪೊವ್, ಕಪ್ಪು ಕಾಯಿ ಇಂಗ್ಲೆಂಡಿನ ಟೋನಿ ಮೈಲ್ಸ್. ಮೈಲ್ಸ್ ಕೂಡ ಗ್ರ್ಯಾಂಡ್‌ಮಾಸ್ಟರೇ (ಚೆಸ್‌ನ ಅತಿ ದೊಡ್ಡ ಬಿರುದು), ಆದ್ರೆ ಕಾರ್ಪೊವ್ ಮಟ್ಟ ಬೇರೆ.

ಕಾರ್ಪೊವ್ ಇ4 ಆಡಿದರು, ಅಂದ್ರೆ ರಾಜನ ಮುಂದಿನ ಪಾನ್ (ಕಾಲಾಳು) ಎರಡು ಮನೆ ಮುಂದಕ್ಕೆ; ಅಕ್ಷರ ಬೋರ್ಡಿನ ಕಂಬಸಾಲು, ಅಂಕಿ ಅಡ್ಡಸಾಲು. ಮೈಲ್ಸ್ ಎ6 ಅಂತ ಅಂಚಿನ ಪಾನ್ ತಳ್ಳಿದರು. ನೋಡ್ತಿದ್ದವರು ನಕ್ಕುಬಿಟ್ಟರು. ಮುಂದಿನ ನಡೆ ಬಿ5.

ಇದನ್ನು ನೋಡಿ ಸುಮ್ನೆ ವಿಚಿತ್ರ ನಡೆ ಆಡೋಕೆ ಹೋಗಬೇಡಿ. ಆಮೇಲೆ ಮೈಲ್ಸ್ ಬಿಷಪ್ಪನ್ನು ಬಿ7ಕ್ಕೆ, ಕುದುರೆಯನ್ನು ಎಫ್6ಕ್ಕೆ ತಂದರು, ಇ6 ಮತ್ತು ಸಿ5 ಆಡಿದರು. ಎಲ್ಲಾ ಮಾಮೂಲಿ ನಡೆಗಳೇ. ಎದುರಾಳಿ ಬಾಯಿಪಾಠ ಮಾಡಿದ ದಾರಿ ತಪ್ಪಿಸಿದರು, ಅಷ್ಟೇ. ನೀವೂ ಹೆಚ್ಚು ಜನ ಆಡದ ಒಂದು ಓಪನಿಂಗ್ (ಆಟದ ಶುರುವಿನ ನಡೆಗಳ ಕ್ರಮ) ಆರಿಸಿ, ಆದ್ರೆ ಅದನ್ನು ಮೊದಲೇ ಸಾಕಷ್ಟು ಆಡಿ ಕೈ ಪಳಗಿಸಿಕೊಂಡಿರಿ.

ನನಗೆ ಜಾಸ್ತಿ ಇಷ್ಟವಾಗೋದು 23ನೇ ನಡೆ. ಕಾರ್ಪೊವ್ ಅವರ ಬಿಷಪ್ ಬಿ1ರಲ್ಲಿ, ರಾಣಿ ಡಿ3ರಲ್ಲಿ, ಅದೇ ಓರೆಗೆರೆಯಲ್ಲಿ ಅವೆರಡರ ಮುಂದೆ ಇ4ರಲ್ಲಿ ಕುದುರೆ. ಕುದುರೆ ಎಫ್6ಕ್ಕೆ ಹಾರಿದರೆ ರಾಣಿಯಿಂದ ಎಚ್7ರಲ್ಲಿ ಮೇಟ್, ಅಂದ್ರೆ ರಾಜ ಸಿಕ್ಕಿಬಿದ್ದು ಆಟ ಮುಗಿಯುತ್ತೆ. ಇಂಥ ಕಡೆ ನಮ್ಮಂಥವರು ಗಾಬರಿಯಾಗಿ ರಾಜನ ಸುತ್ತ ಕಾಯಿಗಳನ್ನು ಗುಡ್ಡೆ ಹಾಕ್ತೀವಿ, ಅಲ್ವಾ? ಮೈಲ್ಸ್ ಮಾತ್ರ ಸಿ1ರಲ್ಲಿ ಆನೆ ಬದಲಾಯಿಸಿಕೊಂಡು, ರಾಣಿಯಿಂದ ಬಿ2ರ ಪಾನ್ ಹೊಡೆದರು. ಆ ನಡೆ ಸಿ1ರ ಆನೆಯ ಮೇಲೂ ಬಿತ್ತು, ಹಾಗಾಗಿ ದಾಳಿ ಬಿಟ್ಟು ಕಾರ್ಪೊವ್ ಆನೆ ಸರಿಸಬೇಕಾಯ್ತು. ತಕ್ಷಣ ಇ5ರ ಪಾನ್ ಕೂಡ ಹೋಯ್ತು, ಅಲ್ಲಿ ಕೂತ ರಾಣಿ ಎಫ್6 ಮನೆಯನ್ನೂ ಕಾಯ್ತಾ ಇತ್ತು!

ನಿಮ್ಮ ಎದುರಾಳಿ ಹೆದರಿಸಿದಾಗ ಬೆದರಿಕೆ ಏನು ಅಂತ ಮನಸ್ಸಲ್ಲೇ ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಆಮೇಲೆ, ಅವರು ಉತ್ತರ ಕೊಡಲೇಬೇಕಾದ ನಡೆ ನಿಮ್ಮ ಹತ್ತಿರ ಇದೆಯಾ ಅಂತ ಹುಡುಕಿ.

ಕಾರ್ಪೊವ್ ಒಂದು ಪಾನ್ ವಾಪಸ್ ತಗೊಂಡರು. 28ನೇ ನಡೆಗೆ ರಾಣಿಗಳು ಬದಲಾದವು. ಮೈಲ್ಸ್ ಬಳಿ ಒಂದು ಪಾನ್ ಜಾಸ್ತಿ, ಜೊತೆಗೆ ಎರಡೂ ಬಿಷಪ್. ನೀವು ಮುಂದಿದ್ದಾಗ ರಾಣಿ ಬದಲಾಯಿಸಿಕೊಳ್ಳಿ. ಎದುರಾಳಿ ದೊಡ್ಡವರು ಅಂತ ಡ್ರಾ ಕೇಳಬೇಡಿ. 46 ನಡೆಗೆ ಕಾರ್ಪೊವ್ ಸೋತರು.

ಈ 28ನೇ ನಡೆಯ ಸ್ಥಿತಿಯನ್ನು ಜೋಡಿಸಿಕೊಂಡು, ಕಪ್ಪು ಕಾಯಿ ತಗೊಂಡು, ಫೋನಿನ ಚೆಸ್ ಆ್ಯಪ್ ಎದುರು ನೀವೇ ಗೆಲ್ಲೋಕೆ ನೋಡಿ.