ನನ್ನ ಅನುಭವ: ಒಂದು ಒತ್ತಕ್ಷರದ ಬೆನ್ನು ಹತ್ತಿ ಹ್ಯಾಕಿಂಟಾಷ್‌ವರೆಗೆ

'ರಾಷ್ಟ್ರ' ಎಂಬ ಒಂದು ಪದದಿಂದ ಇದೆಲ್ಲ ಶುರುವಾಯಿತು. 2019ರಲ್ಲಿ ನಾನು ಒಂದು ಕನ್ನಡ ಫಾಂಟ್ ರೂಪಿಸುತ್ತಿದ್ದೆ. ಕೆಲಸವೆಲ್ಲ ಲಿನಕ್ಸ್ ಮೇಲೆ, ಫಾಂಟ್‌ಫೋರ್ಜ್ ತಂತ್ರಾಂಶದಲ್ಲಿ. ನನ್ನ ಪರದೆಯ ಮೇಲೆ ಷಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕಕ್ಕೆ ರಕಾರದ ಒತ್ತು, ಒಂದಕ್ಕೊಂದು ತಾಗದೆ ಚೆಂದವಾಗಿ ಕೂತಿದ್ದವು. ಗೆಳೆಯನೊಬ್ಬ ಅದೇ ಫಾಂಟ್ ಬಳಸಿದ ಪುಟವನ್ನು ತನ್ನ ಐಫೋನಿನಲ್ಲಿ ತೆರೆದು ಚಿತ್ರ ಕಳುಹಿಸಿದ. ಎರಡು ಒತ್ತುಗಳೂ ಒಂದರ ಮೇಲೊಂದು ಬಿದ್ದು ಮಸಿಯ ಕಲೆಯ ಹಾಗೆ ಕಾಣುತ್ತಿದ್ದವು.

ಕನ್ನಡದ ಅಕ್ಷರಗಳನ್ನು ಪರದೆಯ ಮೇಲೆ ಜೋಡಿಸುವುದು ಫಾಂಟ್ ಒಂದರಿಂದಲೇ ಆಗುವ ಕೆಲಸವಲ್ಲ. ಯಾವ ಒತ್ತು ಎಲ್ಲಿ ಕೂರಬೇಕು, ಅರ್ಕಾವತ್ತು ಯಾವಾಗ ಬರಬೇಕು ಎಂಬ ನಿಯಮಗಳು ಫಾಂಟಿನೊಳಗೆ ಇರುತ್ತವೆ. ಅವನ್ನು ಓದಿ ಜಾರಿಗೆ ತರುವ ತಂತ್ರಾಂಶ ಹೆಚ್ಚಾಗಿ ಕಾರ್ಯಾಚರಣೆ ವ್ಯವಸ್ಥೆಯದು. ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ಅದು ಹಾರ್ಫ್‌ಬಜ್, ವಿಂಡೋಸ್‌ನಲ್ಲಿ ಡೈರೆಕ್ಟ್‌ರೈಟ್, ಆಪಲ್ ಸಾಧನಗಳಲ್ಲಿ ಕೋರ್‌ಟೆಕ್ಸ್ಟ್. ನಾನು ಪರೀಕ್ಷಿಸಿದ್ದು ಹಾರ್ಫ್‌ಬಜ್ ಒಂದನ್ನೇ. ಪ್ರತಿ ತಿದ್ದುಪಡಿಗೂ ಗೆಳೆಯನ ಫೋನಿನಿಂದ ಚಿತ್ರ ತರಿಸಿಕೊಳ್ಳುತ್ತ ಎರಡು ತಿಂಗಳು ಕಳೆದೆ. ಅವನ ತಾಳ್ಮೆ ದೊಡ್ಡದು. ಆದರೂ ದಿನಕ್ಕೆ ಇಪ್ಪತ್ತು ಸಲ ಒಬ್ಬರನ್ನು ಹೀಗೆ ಕಾಡಲಾಗುವುದಿಲ್ಲ. ಫಾಂಟ್ ತಯಾರಕರು ಹೆಚ್ಚಾಗಿ ನೆಚ್ಚುವ ಗ್ಲಿಫ್ಸ್ ತಂತ್ರಾಂಶವೂ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ. ಹೊಸ ಮ್ಯಾಕ್ ಕೊಳ್ಳುವ ಹಣ ನನ್ನಲ್ಲಿ ಆಗ ಇರಲಿಲ್ಲ. ಇದ್ದದ್ದು ಒಂದು ಡೆಸ್ಕ್‌ಟಾಪ್: ಇಂಟೆಲ್ ಕೋರ್ ಐ5 9400ಎಫ್ ಪ್ರೊಸೆಸರ್, ಬಿ360 ಮದರ್‌ಬೋರ್ಡ್, 16 ಜಿಬಿ ಮೆಮೊರಿ, ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್.

ಆಪಲ್ ತಯಾರಿಸದ ಕಂಪ್ಯೂಟರಿನಲ್ಲಿ ಅದರ ಕಾರ್ಯಾಚರಣೆ ವ್ಯವಸ್ಥೆಯಾದ ಮ್ಯಾಕ್‌ಒಎಸ್ ನಡೆಸುವುದಕ್ಕೆ ಹ್ಯಾಕಿಂಟಾಷ್ ಎಂದು ಹೆಸರು. 2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಇಂಟೆಲ್ ಪ್ರೊಸೆಸರ್‌ಗಳಿಗೆ ಹೊರಳುವುದಾಗಿ ಘೋಷಿಸಿ, 2006ರ ಜನವರಿಯಲ್ಲಿ ಮೊದಲ ಇಂಟೆಲ್ ಮ್ಯಾಕ್‌ಗಳು ಬಂದ ಮೇಲೆ ಇದಕ್ಕೆ ದಾರಿಯಾಯಿತು. ಒಳಗಿನ ಪ್ರೊಸೆಸರ್ ನಮ್ಮ ಮನೆಯ ಕಂಪ್ಯೂಟರಿನದೇ ಜಾತಿ. ಆದರೆ ಪರವಾನಗಿ ಒಪ್ಪಂದದ ಪ್ರಕಾರ ಮ್ಯಾಕ್‌ಒಎಸ್ ಅನ್ನು ಆಪಲ್ ಹೆಸರಿನ ಯಂತ್ರದಲ್ಲಿ ಮಾತ್ರ ಬಳಸಬೇಕು. ಅದನ್ನು ಓದಿ, ತಿಳಿದೇ ಈ ಕೆಲಸಕ್ಕೆ ಇಳಿದೆ. ಹಾಗಾಗಿ ನನಗೆ ನಾನೇ ಮೂರು ಕಟ್ಟುಪಾಡು ಹಾಕಿಕೊಂಡೆ. ಇದು ಪರೀಕ್ಷೆಗೆ ಮಾತ್ರ; ಯಾರಿಗೂ ಹಣಕ್ಕೆ ಮಾಡಿಕೊಡುವುದಿಲ್ಲ; ಫಾಂಟಿನಿಂದ ಹಣ ಬಂದ ದಿನ ನಿಜವಾದ ಮ್ಯಾಕ್ ಕೊಳ್ಳುತ್ತೇನೆ.

ಮೊದಲು ಎದುರಾದದ್ದು ಗ್ರಾಫಿಕ್ಸ್ ಕಾರ್ಡಿನ ತೊಡಕು. 1050 ಟಿಐ ಪ್ಯಾಸ್ಕಲ್ ತಲೆಮಾರಿನದು. ಆ ಕಾರ್ಡುಗಳಿಗೆ ಬೇಕಾದ ಎನ್‌ವಿಡಿಯಾ ಚಾಲಕ ತಂತ್ರಾಂಶ ಮ್ಯಾಕ್‌ಒಎಸ್‌ನ ಹೈ ಸಿಯೆರಾ ಆವೃತ್ತಿಗೇ ನಿಂತುಹೋಗಿದೆ. 2018ರ ಮೊಹಾವೆಯಿಂದ ಮುಂದಕ್ಕೆ ಇಲ್ಲ. ನನ್ನ ಪ್ರೊಸೆಸರಿನ ಹೆಸರಿನ ಕೊನೆಯ 'ಎಫ್' ಅಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲವೆಂದೇ ಅರ್ಥ. ಎಎಂಡಿ ಕಾರ್ಡ್ ತರದೆ ಬೇರೆ ದಾರಿ ಇರಲಿಲ್ಲ. 2020ರ ಫೆಬ್ರವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಹಳೆಯ ಕಾರ್ಡನ್ನು ಕೊಟ್ಟು, ಮೇಲೆ ಹಣ ಸೇರಿಸಿ, ಬಳಸಿದ ಆರ್‌ಎಕ್ಸ್ 580 ಒಂದನ್ನು ತಂದೆ. ಆಪಲ್ ತಾನೇ ಇದೇ ಕುಟುಂಬದ ಕಾರ್ಡುಗಳನ್ನು ಮ್ಯಾಕ್‌ಗಳಲ್ಲಿ ಹಾಕಿದ್ದರಿಂದ ಬೇರೆ ಚಾಲಕ ಬೇಕಾಗುವುದಿಲ್ಲ ಎಂದು ಓದಿದ್ದೆ.

ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಮನೆಯಲ್ಲೇ ಕೂತು ಓಪನ್‌ಕೋರ್ ಕಲಿಯತೊಡಗಿದೆ.

ಓಪನ್‌ಕೋರ್ ಅಂದರೆ ಮ್ಯಾಕ್‌ಒಎಸ್‌ಗಿಂತ ಮೊದಲು ಏಳುವ ಒಂದು ಬೂಟ್‌ಲೋಡರ್. ಹಿಂದೆ ಕಮೀಲಿಯನ್, ಆಮೇಲೆ ಕ್ಲೋವರ್ ಇದೇ ಕೆಲಸ ಮಾಡುತ್ತಿದ್ದವು. ಓಪನ್‌ಕೋರ್ 2019ರಲ್ಲಿ ಹೊರಬಂತು. ಇದೊಂದು ಬೀಗ ಒಡೆಯುವ ಕೆಲಸ ಎಂದು ಆರಂಭದಲ್ಲಿ ಅಂದುಕೊಂಡಿದ್ದೆ. ಮಾಡುತ್ತ ಹೋದಂತೆ ತಿಳಿದದ್ದೇ ಬೇರೆ. ನಮ್ಮ ಯಂತ್ರದ ಒಂದೊಂದು ಭಾಗವನ್ನೂ ಮ್ಯಾಕ್‌ಒಎಸ್‌ಗೆ ಅದಕ್ಕೆ ಅರ್ಥವಾಗುವ ಹೆಸರಿನಿಂದ ಪರಿಚಯಿಸಬೇಕು. ನೂರಕ್ಕೆ ತೊಂಬತ್ತು ಪಾಲು ಕೆಲಸ ಈ ಪರಿಚಯದ್ದೇ.

ಗಡಿಯಾರದ ಉದಾಹರಣೆ ಕೊಡುತ್ತೇನೆ. ಮದರ್‌ಬೋರ್ಡ್ ತನ್ನಲ್ಲಿ ಏನೇನಿದೆ ಎಂಬುದನ್ನು ಎಸಿಪಿಐ ಎಂಬ ಪಟ್ಟಿಗಳಲ್ಲಿ ಬರೆದು ಕಾರ್ಯಾಚರಣೆ ವ್ಯವಸ್ಥೆಗೆ ಒಪ್ಪಿಸುತ್ತದೆ. ನನ್ನ ಬೋರ್ಡಿನ ಪಟ್ಟಿಯಲ್ಲಿ ಎಡಬ್ಲ್ಯುಎಸಿ ಎಂಬ ಹೊಸ ಬಗೆಯ ಗಡಿಯಾರ ಚಾಲೂ ಆಗಿತ್ತು. ಹಳೆಯ ಆರ್‌ಟಿಸಿ ಗಡಿಯಾರವೂ ಅಲ್ಲೇ ಇತ್ತು, ಆದರೆ ಮುಚ್ಚಿಟ್ಟಿದ್ದರು. ಮ್ಯಾಕ್‌ಒಎಸ್‌ಗೆ ಗೊತ್ತಿರುವುದು ಹಳೆಯದು ಮಾತ್ರ. ಅದು ಕಾಣದಿದ್ದರೆ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಹಾಗಾಗಿ ಕೆಲವೇ ಸಾಲುಗಳ ಪೂರಕ ಪಟ್ಟಿಯೊಂದನ್ನು ಬರೆದು ಓಪನ್‌ಕೋರ್ ಕೈಯಲ್ಲಿ ಕೊಡಬೇಕು: ಹಳೆಯ ಗಡಿಯಾರವನ್ನು ತೆರೆ, ಹೊಸದನ್ನು ಮುಚ್ಚು. ಬೋರ್ಡಿನ ಸಣ್ಣಪುಟ್ಟ ಕೆಲಸ ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್‌ನ ವಿಷಯವೂ ಹೀಗೆಯೇ. ಮ್ಯಾಕ್‌ಒಎಸ್ 'ಇಸಿ' ಎಂಬ ಎರಡಕ್ಷರದ ಹೆಸರನ್ನೇ ಹುಡುಕುತ್ತದೆ. ನನ್ನ ಬೋರ್ಡಿನಲ್ಲಿ ಅದಕ್ಕೆ ಬೇರೆ ಹೆಸರು. ಆ ಹೆಸರಿನದೊಂದು ಹುಸಿ ಸಾಧನ ಸೃಷ್ಟಿಸಿಕೊಟ್ಟೆ. ಕಾರ್ಖಾನೆಯಿಂದ ಬಂದ ಪಟ್ಟಿಯನ್ನು ಬಿಚ್ಚಿ ಓದಿದ ಆ ವಾರ, ಐದು ವರ್ಷಗಳಿಂದ ಕಂಪ್ಯೂಟರ್ ಜೋಡಿಸುತ್ತಿದ್ದ ನನಗೆ ಮೊದಲ ಬಾರಿಗೆ ಕಂಪ್ಯೂಟರ್ ಅಂದರೇನೆಂದು ಕಂಡ ಹಾಗಾಯಿತು.

ಬೂಟ್ ಆಗುವಾಗ ಸೇಬಿನ ಚಿತ್ರದ ಬದಲು ಒಳಗಿನ ಸಾಲುಗಳೆಲ್ಲ ಕಾಣುವಂತೆ ಮಾಡುವ ಒಂದು ಸೂಚನೆ ಇದೆ. ಹೊಸದಾಗಿ ಮಾಡುವವರು ಅದನ್ನು ಮೊದಲ ದಿನವೇ ಹಾಕಿಕೊಳ್ಳಬೇಕು. ನನ್ನ ಪರದೆ ಹನ್ನೊಂದು ದಿನ 'ಎಕ್ಸಿಟ್‌ಬಿಎಸ್ ಸ್ಟಾರ್ಟ್' ಎಂಬ ಒಂದೇ ಸಾಲಿಗೆ ನಿಂತಿತು. ಬೂಟ್‌ಲೋಡರ್ ಯಂತ್ರವನ್ನು ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್ ಕೈಗೆ ಒಪ್ಪಿಸುವ ಘಳಿಗೆ ಅದು. ಅಲ್ಲಿ ನಿಂತರೆ ಕಾರಣ ಸಾಮಾನ್ಯವಾಗಿ ಮೆಮೊರಿ ನಕ್ಷೆಯದೋ, ಪ್ರೊಸೆಸರಿನ ಒಂದು ಹೊಂದಿಕೆಯನ್ನು ಬದಲಿಸದಂತೆ ಬಯೋಸ್ ಹಾಕುವ ಸಿಎಫ್‌ಜಿ ಲಾಕ್‌ನದೋ ಆಗಿರುತ್ತದೆ. ನನ್ನ ಬಯೋಸ್‌ನಲ್ಲಿ ಸಿಎಫ್‌ಜಿ ಲಾಕ್ ತೆಗೆಯುವ ಆಯ್ಕೆಯೇ ಇರಲಿಲ್ಲ. ಅಂಥವರಿಗಾಗಿ ಓಪನ್‌ಕೋರ್ ಕಡತದಲ್ಲಿ ಒಂದು ಸ್ವಿಚ್ ಇದೆ. ನಾನು ಅದನ್ನು ಹಾಕಿದ್ದೆ, ಆದರೆ ಬೇರೊಂದು ತಲೆಮಾರಿನ ಪ್ರೊಸೆಸರಿಗೆ ಹೇಳಿದ್ದನ್ನು. ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ. ಅದನ್ನು ಸರಿಪಡಿಸಿದ ರಾತ್ರಿ ಸಾಲುಗಳು ಜಲಪಾತದ ಹಾಗೆ ಸುರಿದವು. ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದುದು ಆಪಲ್ ಸರ್ವರ್‌ನಿಂದಲೇ ಇಳಿಸಿಕೊಂಡ, ಸುಮಾರು ಅರ್ಧ ಜಿಬಿಯ ರಿಕವರಿ ಕಡತ. ಉಳಿದದ್ದು ಅಂತರ್ಜಾಲದಿಂದ ಬರಬೇಕು. ಆದ್ದರಿಂದ ನೆಟ್‌ವರ್ಕ್ ಕಾರ್ಡಿನ ಕೆಕ್ಸ್ಟ್ (ಮ್ಯಾಕ್‌ಒಎಸ್‌ನ ಚಾಲಕ ತಂತ್ರಾಂಶ) ಮೊದಲೇ ಸಿದ್ಧವಿರಬೇಕು. ಬೆಳಗಿನ ಹೊತ್ತಿಗೆ ಮ್ಯಾಕ್‌ಒಎಸ್‌ನ ಕೆಟಲಿನಾ ಆವೃತ್ತಿ ಎದ್ದು ನಿಂತಿತ್ತು.

ಎದ್ದು ನಿಂತದ್ದು ಹೌದು, ನಡೆಯುತ್ತಿರಲಿಲ್ಲ. ಕಿಟಕಿಯನ್ನು ಸರಿಸಿದರೆ ತುಂಡುತುಂಡಾಗಿ ಬರುತ್ತಿತ್ತು; ಎಂಟು ಜಿಬಿ ತೋರಬೇಕಾದ ಕಡೆ ಗ್ರಾಫಿಕ್ಸ್ ಮೆಮೊರಿ ಕೆಲವೇ ಎಂಬಿ ಎಂದು ಬರೆದಿತ್ತು. ನಾಲ್ಕು ದಿನ ಓಪನ್‌ಕೋರ್ ಕಡತವನ್ನೇ ಅನುಮಾನಿಸಿದೆ. ಕೊನೆಗೆ ಲಿನಕ್ಸ್‌ಗೆ ಮರಳಿ ಕಾರ್ಡಿನ ಗುರುತಿನ ಸಂಖ್ಯೆ ನೋಡಿದೆ. ನಿಜವಾದ ಆರ್‌ಎಕ್ಸ್ 580ರ ಸಂಖ್ಯೆ 67ಡಿಎಫ್. ನನ್ನದರಲ್ಲಿ ಇದ್ದದ್ದು 6ಎಫ್‌ಡಿಎಫ್. ಅದು '580 2048 ಎಸ್‌ಪಿ' ಎಂಬ ಬೇರೆ ಮಾದರಿ. 2304 ಸ್ಟ್ರೀಮ್ ಪ್ರೊಸೆಸರ್‌ಗಳ ಜಾಗದಲ್ಲಿ 2048 ಮಾತ್ರ. ಮೇಲಿನ ಚೀಟಿಯಲ್ಲಿ 580 ಎಂದಷ್ಟೇ ಇತ್ತು, ಅಂಗಡಿಯವರು ಹೇಳಿದ್ದೂ ಅಷ್ಟೇ. ಮ್ಯಾಕ್‌ಒಎಸ್ ಚೀಟಿ ಓದುವುದಿಲ್ಲ, ಸಂಖ್ಯೆ ಓದುತ್ತದೆ. ಆ ಸಂಖ್ಯೆ ಅದರ ಪಟ್ಟಿಯಲ್ಲಿ ಇಲ್ಲ. ಓಪನ್‌ಕೋರ್ ಮೂಲಕ ಸಾಧನದ ಗುರುತನ್ನು 67ಡಿಎಫ್ ಎಂದು ಕೊಟ್ಟ ಮೇಲೆ ಪರದೆ ನೀರಿನ ಹಾಗೆ ಹರಿಯಿತು. ಬಳಸಿದ ಕಾರ್ಡ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಕಂಪ್ಯೂಟರಿಗೆ ಹಾಕಿಸಿ, ಈ ಸಂಖ್ಯೆಯನ್ನು ಕಣ್ಣಾರೆ ನೋಡಿಯೇ ಹಣ ಕೊಡಿ.

ಧ್ವನಿಗೆ, ಧ್ವನಿ ಚಿಪ್‌ನ ಜೋಡಣೆಯನ್ನು ಸೂಚಿಸುವ ಲೇಔಟ್ ಸಂಖ್ಯೆಯನ್ನು ಐದಾರು ಸಲ ಬದಲಿಸಬೇಕಾಯಿತು, ಅಷ್ಟೇ. ವೈಫೈ ತಂಟೆಗೆ ಹೋಗದೆ ತಂತಿಯನ್ನೇ ಬಳಸಿದೆ. ಯಂತ್ರದ ಗುರುತನ್ನು 'ಐಮ್ಯಾಕ್ ಪ್ರೊ 1,1' ಎಂದು ಇಟ್ಟೆ. ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರಿಗೆ ಅದೇ ಹೊಂದುತ್ತದೆ. ಕ್ರಮಸಂಖ್ಯೆಯನ್ನು ಹೊಸದಾಗಿ ಹುಟ್ಟಿಸಿ, ಅದು ಯಾರದೋ ನಿಜವಾದ ಮ್ಯಾಕ್‌ನದಲ್ಲ ಎಂದು ಖಚಿತಪಡಿಸಿಕೊಂಡೆ. ಆಪಲ್ ಖಾತೆಯಿಂದ ಒಳಹೋಗಲಿಲ್ಲ. ಗ್ಲಿಫ್ಸ್ ಪರವಾನಗಿಯನ್ನು ಮಾತ್ರ ಪೂರ್ಣ ಹಣ ಕೊಟ್ಟು, ತಯಾರಕರಿಂದ ನೇರವಾಗಿ ಕೊಂಡೆ.

ಒಂದು ವಿಷಯವನ್ನು ಬಿಡದೆ ಹೇಳಬೇಕು. ಇಂಟೆಲ್ ಮ್ಯಾಕ್‌ಗಳಲ್ಲಿ ಎಸ್‌ಎಂಸಿ ಎಂಬ ಚಿಪ್ ಇರುತ್ತದೆ. ಅದರಲ್ಲಿರುವ ಕೀಲಿ ಸಿಕ್ಕರೆ ಮಾತ್ರ ಮ್ಯಾಕ್‌ಒಎಸ್ ತನ್ನ ಕೆಲವು ಮುಖ್ಯ ಕಡತಗಳನ್ನು ಬಿಚ್ಚಿಕೊಳ್ಳುತ್ತದೆ. ಹ್ಯಾಕಿಂಟಾಷ್‌ನಲ್ಲಿ ವರ್ಚುವಲ್‌ಎಸ್‌ಎಂಸಿ ಎಂಬ ಕೆಕ್ಸ್ಟ್ ಆ ಚಿಪ್‌ನ ಪಾತ್ರ ವಹಿಸುತ್ತದೆ. ಕೀಲಿಯಲ್ಲಿ ಒಟ್ಟು 64 ಅಕ್ಷರಗಳು. ಅವು ಗೂಢ ಸಂಖ್ಯೆಗಳಲ್ಲ, ಒಂದು ವಾಕ್ಯ: ನಮ್ಮ ಪರಿಶ್ರಮವನ್ನು ಈ ಮಾತುಗಳು ಕಾಯುತ್ತಿವೆ, ದಯವಿಟ್ಟು ಕದಿಯಬೇಡಿ ಎಂಬ ಅರ್ಥದ್ದು. ಅದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ನಾನೂ ಫಾಂಟ್ ಮಾಡುವವನು. ಎರಡು ವರ್ಷ ಕಣ್ಣು ಸವೆಸಿ ಬರೆದ ಅಕ್ಷರಗಳನ್ನು ಯಾರೋ ಕೇಳದೆ ನಕಲು ಮಾಡಿಕೊಂಡರೆ ಏನನ್ನಿಸುತ್ತದೆ ಎಂದು ನನಗೆ ಗೊತ್ತು.

ನಮ್ಮ ಊರಿನ ಡಿಟಿಪಿ ಕೇಂದ್ರಗಳ ಇಬ್ಬರು ಪರಿಚಿತರು ಇಂಥದೇ ಯಂತ್ರ ಮಾಡಿಕೊಡು, ಹಣ ಕೊಡುತ್ತೇವೆ ಎಂದು ಕೇಳಿದಾಗ ಆ ವಾಕ್ಯ ನೆನಪಾಯಿತು. ಅಮೆರಿಕದ ಫ್ಲಾರಿಡಾದಲ್ಲಿ ಸೈಸ್ಟಾರ್ ಎಂಬ ಕಂಪನಿ 2008ರಲ್ಲಿ ಇದನ್ನೇ ವ್ಯಾಪಾರ ಮಾಡಿತ್ತು. ಆಪಲ್ ಅದೇ ವರ್ಷ ಮೊಕದ್ದಮೆ ಹೂಡಿತು; 2009ರ ನವೆಂಬರ್‌ನಲ್ಲಿ ತೀರ್ಪು ಆಪಲ್ ಪರವಾಗಿ ಬಂತು, 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಭಯವೂ ಇತ್ತು, ಆದರೆ ನನ್ನನ್ನು ತಡೆದದ್ದು ಹೆಚ್ಚಾಗಿ ಆ 64 ಅಕ್ಷರಗಳು. ಇಬ್ಬರಿಗೂ ಇಲ್ಲ ಎಂದೆ.

ಇಷ್ಟೆಲ್ಲ ಆದ ಮೇಲೆ ಒತ್ತಕ್ಷರದ ಕಥೆ. ಒಂದೇ ಮ್ಯಾಕ್‌ನಲ್ಲಿ ಸಫಾರಿ ಕೋರ್‌ಟೆಕ್ಸ್ಟ್ ಬಳಸುತ್ತದೆ, ಫೈರ್‌ಫಾಕ್ಸ್ ಹಾರ್ಫ್‌ಬಜ್ ಬಳಸುತ್ತದೆ. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟ ಕೂಡಲೇ ರೋಗ ಕಣ್ಣಿಗೆ ಬಿತ್ತು. ಎರಡು ಒತ್ತುಗಳ ನಡುವಿನ ಅಂತರಕ್ಕೆ ನಾನು ಬರೆದಿದ್ದ ನಿಯಮ ಸಫಾರಿಯಲ್ಲಿ ಜಾರಿಯಾಗುತ್ತಲೇ ಇರಲಿಲ್ಲ. ಟಕಾರ, ರಕಾರಗಳ ಒತ್ತುಗಳನ್ನು ಸೇರಿಸಿ ಒಂದೇ ಜೋಡಿ ರೂಪವಾಗಿ ಬರೆದೆ. ಇಂಥ ಜೋಡಿಗಳನ್ನು ಒಟ್ಟು ಹದಿನಾಲ್ಕು ಮಾಡಬೇಕಾಯಿತು. 'ರ‍್ಯಾಂಕ್' ಪದದಲ್ಲೂ ಒಂದು ದೋಷ ಸಿಕ್ಕಿತು. ರಕಾರದ ಮುಂದೆ ಕಣ್ಣಿಗೆ ಕಾಣದ ಜೋಡಕ ಸಂಕೇತ ಇದ್ದರೆ ಅರ್ಕಾವತ್ತು ಬರಬಾರದು, ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗಬೇಕು. ನನ್ನ ಫಾಂಟಿನಲ್ಲಿ ಆ ಸಂಕೇತಕ್ಕೂ ಅಗಲ ಕೊಟ್ಟುಬಿಟ್ಟಿದ್ದೆ. ನಡುವೆ ಕೂದಲೆಳೆಯಷ್ಟು ಬಿರುಕು ಬರುತ್ತಿತ್ತು. ಗೆಳೆಯನಿಗೆ ಕೊನೆಯ ಬಾರಿ ಪುಟ ಕಳುಹಿಸಿದೆ. ಅವನ ಐಫೋನಿನಲ್ಲಿ 'ರಾಷ್ಟ್ರ' ಸರಿಯಾಗಿ ಕಂಡಿತು.

2021ರಲ್ಲಿ ಬಿಗ್ ಸರ್ ಆವೃತ್ತಿಯ 11.3 ನವೀಕರಣ ಹಾಕಿಕೊಂಡು ಒಂದು ಪೆಟ್ಟು ತಿಂದೆ. ಮ್ಯಾಕ್‌ಒಎಸ್ ಒಂದು ಯುಎಸ್‌ಬಿ ನಿಯಂತ್ರಕಕ್ಕೆ 15 ಪೋರ್ಟ್‌ಗಳನ್ನು ಮಾತ್ರ ಒಪ್ಪುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯೊಂದು ಎರಡು ಪೋರ್ಟ್ ಲೆಕ್ಕ. ಈ ಮಿತಿಯನ್ನು ದಾಟಿಸುತ್ತಿದ್ದ ಓಪನ್‌ಕೋರ್ ಸ್ವಿಚ್ ಆ ನವೀಕರಣದಿಂದ ಕೆಲಸ ಮಾಡುವುದನ್ನು ನಿಲ್ಲಿಸಿತು, ಯಂತ್ರ ಮತ್ತೆ ಮತ್ತೆ ರೀಬೂಟ್ ಆಗತೊಡಗಿತು. ಒಂದೊಂದು ಕಿಂಡಿಗೂ ಪೆನ್‌ಡ್ರೈವ್ ಚುಚ್ಚಿ ಪೋರ್ಟ್ ನಕ್ಷೆ ಬರೆಯುವ ಕೆಲಸವನ್ನು ನಾನು ವರ್ಷವಿಡೀ ಮುಂದೂಡಿದ್ದೆ. ಹೊಸಬರು ಅದನ್ನು ಮೊದಲ ವಾರವೇ ಮುಗಿಸಿಬಿಡಿ. ನವೀಕರಣಕ್ಕೆ ಮುಂಚೆ, ಓಪನ್‌ಕೋರ್ ಇರುವ ಇಎಫ್‌ಐ ವಿಭಾಗದ ಪ್ರತಿಯೊಂದನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಅಂದು ನನ್ನನ್ನು ಉಳಿಸಿದ್ದು ಅದೇ.

2022ರಲ್ಲಿ ಫಾಂಟಿಗೆ ಹಣ ಬಂತು. ಆಪಲ್‌ನದೇ ಎಂ1 ಪ್ರೊಸೆಸರಿನ, ಬಳಸಿದ ಮ್ಯಾಕ್ ಮಿನಿ ಕೊಂಡೆ, ಡೆಸ್ಕ್‌ಟಾಪಿನಿಂದ ಮ್ಯಾಕ್‌ಒಎಸ್ ಅಳಿಸಿ ಪೂರ್ತಿ ಲಿನಕ್ಸ್ ಹಾಕಿದೆ. ಈಗ ಯಾರಾದರೂ ಹ್ಯಾಕಿಂಟಾಷ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನುತ್ತೇನೆ. 2020ರಲ್ಲಿ ಆಪಲ್ ತನ್ನದೇ ಪ್ರೊಸೆಸರಿಗೆ ಹೊರಳಿತು. 2025ರ ಟಾಹೋ ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ. ನಾನು ಬಳಸಿದ ಐಮ್ಯಾಕ್ ಪ್ರೊ ಗುರುತು ಅದರ ಪಟ್ಟಿಯಲ್ಲೂ ಇಲ್ಲ, ಹಿಂದಿನ ಆವೃತ್ತಿಯಾದ ಸಿಕೋಯಾಕ್ಕೇ ನಿಲ್ಲುತ್ತದೆ. ಫಾಂಟ್ ಪರೀಕ್ಷೆಗಷ್ಟೇ ಬೇಕಿದ್ದರೆ ಬಳಸಿದ ಮ್ಯಾಕ್ ಮಿನಿ ಸಾಕು, ಎಂಟು ಜಿಬಿಯದಾದರೂ ನಡೆಯುತ್ತದೆ. ಅದರಲ್ಲಿ ಸಫಾರಿಯನ್ನೂ ಫೈರ್‌ಫಾಕ್ಸನ್ನೂ ಅಕ್ಕಪಕ್ಕ ತೆರೆದು, 'ರಾಷ್ಟ್ರ', 'ರ‍್ಯಾಂಕ್' ಎರಡನ್ನೂ ಮೊದಲು ಟೈಪ್ ಮಾಡಿ ನೋಡಿ.