ಟಾಮ್ ಹೇಳಿದ ಒಂದು ಮಾತು

ಹಾರ್ಪರ್ ಲೀ ಅವರ ಕಾದಂಬರಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಮೊದಲ ಸಲ ಓದಿದಾಗ ನನ್ನ ಕಣ್ಣೆಲ್ಲ, ಆರೋಪಿ ಟಾಮ್ ಪರ ವಾದಿಸುವ ವಕೀಲ ಆಟಿಕಸ್ ಮೇಲೆಯೇ ಇತ್ತು. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡು ಪುಸ್ತಕ ಮುಚ್ಚಿಟ್ಟೆ. ಎರಡನೇ ಸಲ ಬೇರೆ ರೀತಿ ಓದಿದೆ. ಕೋರ್ಟಿನ ಭಾಗ ಬಂದಾಗ ನೋಟ್‌ಬುಕ್ ತೆಗೆದು, ಒಬ್ಬೊಬ್ಬರಿಗೆ ಒಂದು ಪುಟ ಮಾಡಿ, ಅವರೇ ‘ನಾನು’ ಅಂತ ಹೇಳುವ ಹಾಗೆ ಬರೆಯುತ್ತಾ ಹೋದೆ.

ಮೊದಲು ಮಯೆಲ್ಲಾ. 19 ವರ್ಷದ ಬಿಳಿ ಹುಡುಗಿ. ಊರಿನ ಕಸ ಸುರಿಯುವ ಜಾಗದ ಪಕ್ಕ ಮನೆ, ಕುಡುಕ ಅಪ್ಪ, ನೋಡಿಕೊಳ್ಳಬೇಕಾದ ತಮ್ಮ ತಂಗಿಯರು. ನಿನಗೆ ಸ್ನೇಹಿತರಿದ್ದಾರಾ ಅಂತ ಕೇಳಿದರೆ, ತನ್ನನ್ನು ಆಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತಾಳೆ. ‘ಪಾಪ’ ಅಂತ ಪುಟದ ಅಂಚಿನಲ್ಲಿ ಬರೆದುಕೊಂಡೆ. ಟಾಮ್ ತನ್ನ ಮೇಲೆ ಅತ್ಯಾಚಾರ ಮಾಡಿದ ಅಂತ ಅವಳು ಹೇಳುತ್ತಿರುವುದು ಸುಳ್ಳು ಅಂತ ಗೊತ್ತಿತ್ತು. ಆದರೂ ಆ ಪದ ಹೊಡೆದು ಹಾಕಲು ಮನಸ್ಸಾಗಲಿಲ್ಲ.

ಆಮೇಲೆ ಟಾಮ್ ರಾಬಿನ್‌ಸನ್, ಕಪ್ಪು ಕೂಲಿಯಾಳು. ಅವನ ಎಡಗೈ ಹತ್ತಿ ಯಂತ್ರಕ್ಕೆ ಸಿಕ್ಕಿ ಹಾಳಾಗಿದೆ. ಏಟು ಬಿದ್ದಿರುವುದು ಮಯೆಲ್ಲಾಳ ಮುಖದ ಬಲಭಾಗಕ್ಕೆ, ಅವಳಪ್ಪ ಎಡಚ. ಹೊಡೆದದ್ದು ಟಾಮ್ ಅಲ್ಲ ಅನ್ನಲು ಅಷ್ಟು ಸಾಕಿತ್ತು, ಅಲ್ವಾ? ಆದರೆ ಸರ್ಕಾರಿ ವಕೀಲ ಕೇಳುತ್ತಾನೆ, ಅವಳಿಗೆ ಸುಮ್ನೆ ಕೆಲಸ ಮಾಡಿಕೊಟ್ಟಿದ್ದು ಯಾಕೆ? ಅವಳನ್ನು ನೋಡಿ ಪಾಪ ಅನ್ನಿಸಿತು ಅನ್ನುತ್ತಾನೆ ಟಾಮ್.

ಇಲ್ಲಿ ನನ್ನ ಪೆನ್ನು ನಿಂತಿತು. ನಾನು ಬರೆದುಕೊಂಡಿದ್ದೂ ಅದೇ ಪದ. ನನ್ನನ್ನು ಯಾರೂ ತಡೆಯಲಿಲ್ಲ. ಅವನಿಗೆ ಅದೇ ಮುಳುವಾಯಿತು. ಬಿಳಿ ಹುಡುಗಿ ಎಷ್ಟೇ ಬಡವಳಾಗಿರಲಿ, ಕಪ್ಪು ಮನುಷ್ಯ ಅವಳಿಗಾಗಿ ಮರುಗಬಾರದು. ನಮ್ಮ ಭಾಷೆಯಲ್ಲಿ ‘ಪಾಪ’ ಅಂದರೆ ಮರುಕವೂ ಹೌದು, ಮಾಡಬಾರದ್ದೂ ಹೌದು. ಆ ಕೋರ್ಟಿನಲ್ಲಿ ಎರಡೂ ಒಂದೇ ಆಗಿಹೋಯಿತು. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಬೇಕು ಅಂತ ನಾನೂ ಎಷ್ಟೋ ಸಲ ಹೇಳಿದ್ದೇನೆ. ಹಾಗೆ ನಿಲ್ಲಲು ಯಾರನ್ನು ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ ಅಂತ ಯೋಚಿಸಿರಲಿಲ್ಲ.

ಆಮೇಲೆ ಸ್ವಲ್ಪ ಇತಿಹಾಸ ಓದಿದೆ. ಕಾದಂಬರಿಯ ಕಥೆ ನಡೆಯುವುದು ಅಮೆರಿಕದ ಅಲಬಾಮಾ ರಾಜ್ಯದಲ್ಲಿ. 1931ರಲ್ಲಿ ಅದೇ ಅಲಬಾಮಾದ ಸ್ಕಾಟ್ಸ್‌ಬರೊ ಊರಿನಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಇಂಥದೇ ಆರೋಪ ಬಂದಿತ್ತು. ತೀರ್ಪು ಕೊಟ್ಟ ಜ್ಯೂರಿಯಲ್ಲಿ ಬಿಳಿಯರು ಮಾತ್ರ ಇದ್ದರು.

ಕೊನೆಗೆ ಟಾಮ್‌ನ ಹೆಂಡತಿ ಹೆಲೆನ್‌ಗೂ ಒಂದು ಪುಟ ಬಿಟ್ಟೆ. ತಪ್ಪಿತಸ್ಥ ಅಂತ ತೀರ್ಪಾಗಿ ಜೈಲು ಸೇರಿದ್ದ ಗಂಡ ಸತ್ತ ಸುದ್ದಿ ಹೇಳಲು ಆಟಿಕಸ್ ಬಂದಾಗ ಅವಳು ಮಣ್ಣಿನಲ್ಲಿ ಕುಸಿದು ಬೀಳುತ್ತಾಳೆ. ಅದೂ ನಮಗೆ ಗೊತ್ತಾಗುವುದು ಒಬ್ಬ ಬಿಳಿ ಹುಡುಗ ಕಂಡು ಹೇಳಿದ್ದರಿಂದ. ಅಲ್ಲೂ ‘ಪಾಪ’ ಅಂತ ಬರೆದು ಮುಗಿಸಬಹುದಿತ್ತು. ಬರೆಯಲಿಲ್ಲ. ಆ ಪುಟ ಇನ್ನೂ ಖಾಲಿಯಿದೆ.