ಅರಬಿ ಪಾಠಕ್ಕೆ ಪಾಸ್ ಮಾರ್ಕು: ನಾನು ಲೆಕ್ಕ ಹಾಕಿದ್ದು ಹೀಗೆ

ಮಂಗಳೂರು ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಅರಬಿ ಕಲಿಸುತ್ತೇನೆ. ಮೊದಲು ನಾಲ್ಕನೇ ಕ್ಲಾಸಿಗೆ ಪಾಸ್ ಮಾರ್ಕು 35 ಎಂದು ಇಟ್ಟಿದ್ದೆ. ಬೇರೆ ವಿಷಯಕ್ಕೂ ಅಷ್ಟೇ ಅಲ್ವಾ, ಇದಕ್ಕೂ ಇರಲಿ ಅಂತ.

ಒಮ್ಮೆ 80 ಮಾರ್ಕು ತೆಗೆದ ಹುಡುಗನನ್ನು ಬೋರ್ಡಿನ ಹತ್ತಿರ ಕರೆದೆ. ‘ಹಾಝಾ ಕಿತಾಬುನ್’ ಎಂದು ಬರೆದೆ. ಸಲೀಸಾಗಿ ಓದಿದ. ಇದು ಪುಸ್ತಕ ಎಂಬ ಅರ್ಥವನ್ನೂ ಹೇಳಿದ. ಹಾಗಾದರೆ ‘ಇದು ಶಾಲೆ’ ಅಂತ ಬರಿ ಎಂದೆ. ಚಾಕ್‌ಪೀಸ್ ಹಿಡಿದು ಸುಮ್ನೆ ನಿಂತ. “ಉಸ್ತಾದ್, ಅದು ಪಾಠದಲ್ಲಿ ಇರ್ಲಿಲ್ಲ.” ಕೊನೆಗೆ ‘ಹಾಝಾ ಮದ್ರಸತುನ್’ ಎಂದು ಬರೆದ. ಕನ್ನಡದಲ್ಲಿ ಪುಸ್ತಕಕ್ಕೂ ಶಾಲೆಗೂ ‘ಇದು’ ಒಂದೇ ಸಾಕು. ಅರಬಿಯಲ್ಲಿ ಶಾಲೆ ಸ್ತ್ರೀಲಿಂಗ, ‘ಹಾಝಿಹಿ’ ಆಗಬೇಕು.

ತಪ್ಪು ಅವನದಲ್ಲ. ನಮ್ಮ ಮಕ್ಕಳ ಮನೆಮಾತು ಬ್ಯಾರಿ. ಬೆಳಿಗ್ಗೆ ಮದರಸಾದಲ್ಲಿ ಕುರ್‌ಆನ್ ಓದಿ ಬರುವುದರಿಂದ ಅಕ್ಷರ, ಹರಕತ್ (ಸ್ವರದ ಗುರುತುಗಳು) ಎಲ್ಲ ಚೆನ್ನಾಗಿ ಗೊತ್ತು. ಸ್ವಂತ ವಾಕ್ಯ ಕಟ್ಟುವುದು ಪೂರ್ತಿ ಹೊಸದು. ನಾನೋ ಎರಡನ್ನೂ ಒಂದೇ ಮಾರ್ಕಿನಲ್ಲಿ ಕಲಸಿಬಿಟ್ಟಿದ್ದೆ.

ಇಂಡೋನೇಷ್ಯಾದ ಶಾಲೆಗಳಲ್ಲಿ ಬಳಸುತ್ತಿದ್ದ ಲೆಕ್ಕವೊಂದು ಆಗ ಕೈಹಿಡಿಯಿತು. ಅಲ್ಲಿ ಮೂರು ಸಂಗತಿ ನೋಡುತ್ತಿದ್ದರು. ಪಾಠ ಎಷ್ಟು ಕಷ್ಟ, ಶಾಲೆಯಲ್ಲಿ ಅನುಕೂಲ ಎಷ್ಟಿದೆ, ಮಕ್ಕಳು ಎಷ್ಟು ಕಲಿತು ಬಂದಿದ್ದಾರೆ. ಒಂದೊಂದಕ್ಕೂ 1ರಿಂದ 3 ಅಂಕ. ಪಾಠ ಕಷ್ಟವಾದಷ್ಟೂ ಅಂಕ ಕಡಿಮೆ. ಕೂಡಿಸಿ, 9ರಿಂದ ಭಾಗಿಸಿ, 100ರಿಂದ ಗುಣಿಸಿದರೆ ಪಾಸ್ ಮಾರ್ಕು ಸಿಗುತ್ತದೆ.

ನಾನು ಓದುವುದಕ್ಕೆ, ಬರೆಯುವುದಕ್ಕೆ ಬೇರೆ ಬೇರೆ ಹಾಕಿದೆ. ಓದುವುದು: ಕಷ್ಟ 2, ಅನುಕೂಲ 2, ಮಕ್ಕಳ ತಯಾರಿ 3. ಒಟ್ಟು 7, ಅಂದರೆ 78. ವಾಕ್ಯ ಬರೆಯುವುದು: 1, 2, 1. ಒಟ್ಟು 4, ಅಂದರೆ 44. ಓದಿಗೆ ಇಷ್ಟು ವರ್ಷ 35 ಕೇಳಿ ಮಕ್ಕಳ ಶಕ್ತಿಯನ್ನು ಎಷ್ಟು ಕಡಿಮೆ ಅಂದಾಜು ಮಾಡಿದ್ದೆ ಎಂದು ಮನಸ್ಸಿಗೆ ನೋವಾಯಿತು.

ಹೊಸದಾಗಿ ಸೇರಿದ ಮೂವರು ಮದರಸಾಕ್ಕೆ ಹೋದವರಲ್ಲ. ಅವರಿಗೆ 78 ಜಾಸ್ತಿಯೇ. ಮಾರ್ಕು ಇಳಿಸಲಿಲ್ಲ, ಮಧ್ಯಾಹ್ನ ಊಟ ಆದಮೇಲೆ ಹತ್ತು ನಿಮಿಷ ಜೊತೆಗೆ ಕೂರಿಸಿಕೊಂಡೆ. ಉಳಿದವರಲ್ಲಿ ಯಾರು ಯಾವುದರಲ್ಲಿ ಹಿಂದೆ ಬಿದ್ದರೋ ಅಷ್ಟನ್ನೇ ಮತ್ತೆ ಕಲಿಸಿ, ಅಷ್ಟಕ್ಕೇ ಮತ್ತೆ ಪರೀಕ್ಷೆ. ಹಾಝಾ-ಹಾಝಿಹಿ ಒಂದಕ್ಕೇ ಮೂರು ವಾರ ಹಿಡಿಯಿತು.

ಈ ಬೇಸಿಗೆ ರಜೆಯಲ್ಲಿ ಚಿತ್ರದ ಕಾರ್ಡು ಮಾಡಿಟ್ಟಿದ್ದೇನೆ. ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಹಸಿರು. ಅನುಕೂಲ 2 ಇದ್ದದ್ದು 3 ಆಯಿತು. ಹಾಗಾಗಿ ಜೂನ್‌ನಿಂದ ಬರವಣಿಗೆಗೆ 56.